ಗುಂಡುಕಲ್ಲಿನ ತಮ್ಮ

ನನ್ನ ಮಗಳು ಹುಟ್ಟಿದ್ದು ಮಣಿಪಾಲದ ಆಸ್ಪತ್ರೆಯಲ್ಲಿ. ನನ್ನ ಮಗನಿಗೆ ತಮ್ಮ ಹುಟ್ಟಿದ್ದು ಕಾರ್ಕಳದ ನನ್ನ ಅಮ್ಮನ ಮನೆಯಲ್ಲಿ, ಚಾವಡಿ ತುಂಬ ಸೇರಿದ್ದ ಹೆಂಗಸರ ಕಣ್ಣೆದುರಿನಲ್ಲೇ. ಇಬ್ಬರ ನಡುವೆ ಕೆಲವೇ ವಾರಗಳ ಅಂತರ. ಮೊದಲನೆಯದಕ್ಕೆ ನಾನು ಪಟ್ಟ ಪಾಡು ನನಗೆ ಗೊತ್ತು. ಎರಡನೆಯದು ಮಾತ್ರ ನೋವಿಲ್ಲದೆ, ಡಾಕ್ಟರಿಲ್ಲದೆ, ನನ್ನ ಅರಿವಿಗೇ ಬಾರದೆ ಮುಗಿದುಹೋಗಿತ್ತು. ಹೀಗೆ ಹೇಳಿದರೆ ಬಾಣಂತಿಗೆ ಏನೋ ಆಗಿದೆ ಎಂದು ನೀವು ತಿಳಿಯಬಹುದು. ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ನಾವಿರುವುದು ಅಲೆವೂರಿನಲ್ಲಿ. ಇವರಿಗೆ ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸ, ನನಗೆ ಉಡುಪಿಯ ಒಂದು ಶಾಲೆಯಲ್ಲಿ ಪಾಠ ಮಾಡುವ ಕೆಲಸ. ಅತ್ತೆಯ ಮನೆ ಕಾಪುವಿನಲ್ಲಿ. ಅಮ್ಮನ ಮನೆ ಕಾರ್ಕಳದಲ್ಲಿ. ಅಲ್ಲಿ ಅಮ್ಮನ ಜೊತೆಗೆ ಅಮ್ಮನ ಅಮ್ಮ, ಅಂದರೆ ನನ್ನ ಅಜ್ಜಿಯೂ ಇದ್ದಾರೆ. ಎಂಬತ್ತು ದಾಟಿದ ಅವರನ್ನು ನನ್ನ ಮಗ ನಮ್ಮ ಕಡೆಯ ರೂಢಿಯಂತೆ ಪಿಜ್ಜಿ ಎಂದು ಕರೆಯುತ್ತಾನೆ. ನನಗೆ ಮಾತು ಕಲಿಸಿದವರು ಅವರೇ. ಈ ಬರಹದಲ್ಲಿ ಎಲ್ಲಾದರೂ ಮಾತು ಉದ್ದವಾಯಿತು ಎನಿಸಿದರೆ ಅದರ ದೂರು ಅವರಿಗೇ ಹೋಗಬೇಕು.

ಇನ್ನು ಮಗ. ಅವನಿಗೆ ನಡೆಯಲು ಬರುವುದಿಲ್ಲ, ಓಡಲು ಮಾತ್ರ ಬರುತ್ತದೆ. ಎರಡು ವರ್ಷ ತುಂಬುವಷ್ಟರಲ್ಲಿ ಅವನು ನಮ್ಮ ಮನೆಯ ಎಲ್ಲ ಸ್ವಿಚ್ಚುಗಳನ್ನೂ ಪಕ್ಕದ ಮನೆಯ ಪಂಪಿನ ಸ್ವಿಚ್ಚನ್ನೂ ತನ್ನ ಅಧಿಕಾರಕ್ಕೆ ತಂದುಕೊಂಡಿದ್ದ. ಅಡುಗೆಮನೆಯ ಚಮಚಗಳನ್ನು ಒಂದೊಂದಾಗಿ ಕಿಟಕಿಯ ಸರಳಿನ ನಡುವೆ ತೂರಿಸಿ ಹೊರಗಿನ ಬೆಕ್ಕಿಗೆ ಕೊಡುವುದು ಅವನ ನಿತ್ಯದ ದಾನ. ನೆಂಟರು ಬಂದು ಚಮಚ ಸಾಲದೆ ಹೋದರೆ ನಾನು ಅಂಗಡಿಗೆ ಹೋಗುವುದಿಲ್ಲ, ಕಿಟಕಿಯ ಕೆಳಗಿನ ಕೆಸುವಿನ ಗಿಡಗಳ ಬುಡ ನೋಡುತ್ತೇನೆ.

ನಾನು ಮತ್ತೆ ಬಸುರಿಯಾದಾಗ ಎಲ್ಲರೂ ಈ ಮಗನಿಗೆ ಒಂದು ಮಾತು ಕೊಟ್ಟರು. “ನಿನಗೆ ಒಬ್ಬ ತಮ್ಮ ಬರ್ತಾನೆ.” ಅತ್ತೆ ಹೇಳಿದರು, ನನ್ನ ಅಮ್ಮ ಹೇಳಿದರು, ತರಕಾರಿ ಅಂಗಡಿಯವರು ಬೆಂಡೆಕಾಯಿ ತೂಗುತ್ತ ಹೇಳಿದರು, ಶಂಕರಪುರದಿಂದ ಮಲ್ಲಿಗೆ ತಂದು ಮಾರುವ ಅಕ್ಕ ನನ್ನ ಹೊಟ್ಟೆಯ ಆಕಾರ ನೋಡಿ ಖಂಡಿತವಾಗಿ ಹೇಳಿದರು. ತಂಗಿ ಬರಬಹುದು ಎಂದು ಅವನಿಗೆ ಒಬ್ಬರಾದರೂ ಹೇಳಲಿಲ್ಲ. ಆ ತಮ್ಮನಿಗೆ ದಿನದಿನಕ್ಕೂ ಹೊಸ ಹೊಸ ಗುಣಗಳು ಬಂದವು. ಅವನು ಚೆಂಡಾಟ ಆಡುತ್ತಾನೆ, ಅಣ್ಣ ಹೇಳಿದ ಹಾಗೆ ಕೇಳುತ್ತಾನೆ, ಬೆಕ್ಕಿಗೆ ಹೆದರುವುದಿಲ್ಲ. ನಾನೂ ಸುಮ್ಮನಿರಲಿಲ್ಲ. ಊಟ ಬೇಡವೆಂದು ಹಟ ಹಿಡಿದಾಗ “ಬೇಗ ಉಣ್ಣು, ಇಲ್ಲದಿದ್ರೆ ತಮ್ಮ ಬಂದು ತಿಂತಾನೆ” ಎಂದು ಎಷ್ಟು ತುತ್ತು ಒಳಗೆ ಕಳಿಸಿದ್ದೇನೋ ಲೆಕ್ಕವಿಲ್ಲ.

ನನಗಾದರೋ ಗಂಡೋ ಹೆಣ್ಣೋ ಯಾವುದಾದರೂ ಸರಿ. ಬೇಕಾಗಿದ್ದದ್ದು ಬೇರೆಯೇ. ನಾನು ಒಬ್ಬಳೇ ಮಗಳು. ಕಾರ್ಕಳದ ಮನೆಯಲ್ಲಿ ಮಧ್ಯಾಹ್ನ ದೊಡ್ಡವರೆಲ್ಲ ಮಲಗಿದಾಗ ಇಬ್ಬರು ಎದುರುಬದುರು ಕೂತು ಆಡುವ ಚೆನ್ನೆಮಣೆ ತೆಗೆದು ಗುಳಿಗಳಿಗೆ ಮಂಜೊಟ್ಟಿ ಬೀಜ ತುಂಬಿಸಿ ಆಡುತ್ತಿದ್ದೆ. ಈ ಬದಿಗೆ ಕೂತು ಒಮ್ಮೆ ಆಡುವುದು, ಎದ್ದು ಹೋಗಿ ಆ ಬದಿಗೆ ಕೂತು ಇನ್ನೊಮ್ಮೆ ಆಡುವುದು. ಗೆದ್ದು ಹೀಯಾಳಿಸುವವಳೂ ನಾನೇ, ಸೋತು ಮುಖ ಊದಿಸುವವಳೂ ನಾನೇ. ನನ್ನ ಮಗನ ಎದುರಿನ ಬದಿ ಹಾಗೆ ಖಾಲಿ ಇರಬಾರದು ಎಂಬುದೊಂದೇ ನನ್ನ ಆಸೆಯಾಗಿತ್ತು. ನಾನು ಬೇರೆ, ನೀನು ಬೇರೆ ಎಂದು ಎರಡು ಮಕ್ಕಳು ಒಂದೇ ಮನೆಯಲ್ಲಿ ಬೆಳೆದರೆ ಎರಡು ಒಂಟಿ ಮಕ್ಕಳು ಬೆಳೆದ ಹಾಗೆ. ಅದಕ್ಕೆ ಇಷ್ಟು ಕಷ್ಟ ಯಾಕೆ?

ಆಸ್ಪತ್ರೆಗೆ ಮಗ ಹೊಸ ಅಂಗಿ ಹಾಕಿ, ಅಪ್ಪನ ಕೈ ಹಿಡಿದು, ಕಂಕುಳಲ್ಲಿ ಕೆಂಪು ಚೆಂಡು ಇಟ್ಟುಕೊಂಡು ಬಂದ. ತಮ್ಮನಿಗೆ ಕೊಡಲಿಕ್ಕೆ ತಂದದ್ದು. ಆಸ್ಪತ್ರೆಯ ತೊಟ್ಟಿಲಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದ್ದ ಮುಷ್ಟಿಯಷ್ಟು ಮುಖವನ್ನು ಬಹಳ ಹೊತ್ತು ನೋಡಿದ.

“ಇದು ಎಂತ?”

“ಇದು ಎಂತ ಅಂತ ಕೇಳುದಾ? ನಿನ್ನ ತಂಗಿ ಮಾರಾಯ!” ಎಂದರು ಅತ್ತೆ.

“ತಮ್ಮ ಎಲ್ಲಿ?”

“ತಮ್ಮ ಇಲ್ಲ ಮಗಾ. ತಂಗಿ ಬಂದದ್ದು. ನೋಡು, ಎಷ್ಟು ಚಂದ ಉಂಟು.”

ಅವನು ಕೋಣೆಯ ಮೂಲೆ ನೋಡಿದ, ಮಂಚದ ಅಡಿ ಬಗ್ಗಿ ನೋಡಿದ, ಬಾಗಿಲ ಹಿಂದೆಯೂ ನೋಡಿದ. ಆಮೇಲೆ ಬಂದು, ತೊಟ್ಟಿಲಿನ ಅಂಚಿನಲ್ಲಿ ತಾನೇ ಇಟ್ಟಿದ್ದ ಚೆಂಡನ್ನು ಎತ್ತಿಕೊಂಡು ಮತ್ತೆ ಕಂಕುಳಲ್ಲಿ ಸಿಕ್ಕಿಸಿಕೊಂಡ. “ಮನೆಗೆ ಹೋಗುವ” ಎಂದು ಅಪ್ಪನ ಪ್ಯಾಂಟು ಎಳೆದ. ಕೊಟ್ಟ ಮಾತು ತಪ್ಪಿದ ಜನರ ನಡುವೆ ಅವನಿಗೆ ಇನ್ನೇನೂ ಕೆಲಸವಿರಲಿಲ್ಲ.

ಬಾಣಂತನಕ್ಕೆ ಕಾರ್ಕಳಕ್ಕೆ ಹೋದೆವು. ಅಲ್ಲಿ ಅವನು ತಂಗಿಯನ್ನು ನಡೆಸಿಕೊಂಡದ್ದು ಹೇಗೆಂದರೆ, ನೆಲದ ಮೇಲೆ ನೀರು ಚೆಲ್ಲಿದ್ದರೆ ನಾವು ಹೇಗೆ ಬದಿಯಿಂದ ದಾಟಿ ಹೋಗುತ್ತೇವೋ ಹಾಗೆ. ಹೊಡೆಯಲಿಲ್ಲ, ಚಿವುಟಲಿಲ್ಲ. ಹೊಡೆದಿದ್ದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಚಾಪೆಯ ಮೇಲೆ ಮಗು ಮಲಗಿದ್ದರೆ ಗೋಡೆಗೆ ಬೆನ್ನು ತಾಗಿಸಿಕೊಂಡು ಆಚೆಗೆ ಸರಿದು ಹೋಗುತ್ತಿದ್ದ. ಅದು ಅತ್ತರೆ ಬಚ್ಚಲಿನವರೆಗೂ ಬಂದು ನನಗೆ ವರದಿ ಒಪ್ಪಿಸುತ್ತಿದ್ದ: “ಅಮ್ಮ, ನಿನ್ನ ಪಾಪು ಅಳ್ತಾ ಉಂಟು.”

ನಿನ್ನ ಪಾಪು. ಒಮ್ಮೆಯೂ ತಪ್ಪಿ ಬೇರೆ ಹೇಳಲಿಲ್ಲ.

ಹೀಗಿರುವಾಗ ತೊಟ್ಟಿಲ ಶಾಸ್ತ್ರದ ದಿನ ಬಂತು. ಅಟ್ಟದಲ್ಲಿದ್ದ ಮರದ ತೊಟ್ಟಿಲನ್ನು ಇಳಿಸಿ, ತೊಳೆದು, ಚಾವಡಿಯ ಜಂತಿಗೆ ಕಟ್ಟಿದ್ದರು. ನೆರೆಮನೆಯ ಹೆಂಗಸರು, ಒಂದಿಬ್ಬರು ನೆಂಟರು ಸೇರಿದ್ದರು. ನಮ್ಮ ಮನೆಯಲ್ಲಿ ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ಮೊದಲು ಅದರಲ್ಲಿ ಒಂದು ಗುಂಡುಕಲ್ಲನ್ನು ಮಲಗಿಸಬೇಕು. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದೋ, ದೃಷ್ಟಿ ಬಿದ್ದರೆ ಕಲ್ಲಿಗೇ ಬೀಳಲಿ ಎಂದೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದೋಸೆಹಿಟ್ಟು ಕಡೆಯುವ ದೊಡ್ಡ ಕಲ್ಲಿನ ಗುಂಡನ್ನು ಎತ್ತುವ ಶಕ್ತಿ ಈಗ ಯಾರಿಗೂ ಇಲ್ಲದ್ದರಿಂದ ಅಮ್ಮ ಬಾಣಂತಿ ಮದ್ದು ಅರೆಯುವ ಸಣ್ಣ ಕಲ್ಲಿನ ಗುಂಡನ್ನು ತೊಳೆದು ತಂದರು. ಕಾರ್ಕಳದ ಕಪ್ಪು ಕಲ್ಲು. ಕೆತ್ತಿದವರು ಯಾರೋ, ಅಜ್ಜಿಯ ಅತ್ತೆಯ ಕಾಲದ್ದು. ಅರೆದು ಅರೆದು ಹಲಸಿನ ಬೀಜದಂತೆ ನುಣುಪಾಗಿತ್ತು. ಗಾತ್ರ ಒಂದು ಸಣ್ಣ ತೆಂಗಿನಕಾಯಿಯಷ್ಟು. ಅದಕ್ಕೆ ಅರಿಶಿನ ಹಚ್ಚಿ, ಮಗುವಿನದೇ ಕುಲಾವಿ ತೊಡಿಸಿ, ಬಿಳಿ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದರು. ಕಪ್ಪು ಕಲ್ಲಿಗೆ ಕಾಡಿಗೆಯ ಬೊಟ್ಟು ಬೇರೆ!

ಅಜ್ಜಿ ತೊಟ್ಟಿಲ ಹಗ್ಗ ಹಿಡಿದರು. ಶಾಸ್ತ್ರವಾದರೂ ಅಜ್ಜಿ ಅರೆಮನಸ್ಸಿನಿಂದ ಮಾಡುವವರಲ್ಲ. “ಬಂದ ನೋಡಿ ನಮ್ಮ ಗುಂಡ! ಎಂಥ ಬಣ್ಣ, ಎಂಥ ಮೈಕಟ್ಟು! ಅಳುದಿಲ್ಲ, ಹಾಲು ಕೇಳುದಿಲ್ಲ, ಅಮ್ಮನನ್ನು ಎಬ್ಬಿಸುದಿಲ್ಲ. ಮಕ್ಕಳು ಅಂದ್ರೆ ಹೀಗಿರಬೇಕು!” ಎಂದು ತೂಗತೊಡಗಿದರು. ಹೆಂಗಸರೆಲ್ಲ ಬಗ್ಗಿ ನೋಡಿ ನಗುತ್ತ ಕಲ್ಲಿನ ಕೆನ್ನೆ ಸವರಿದರು. ಒಬ್ಬರು “ಮೂಗು ಮಾತ್ರ ಅಪ್ಪನದ್ದೇ” ಎಂದರು. ಇವರು ಬಾಗಿಲ ಬಳಿ ನಿಂತು ತಮ್ಮ ಮೂಗು ಮುಟ್ಟಿ ನೋಡಿಕೊಂಡರು.

ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತಿದ್ದ ಮಗ ನಗು ಕೇಳಿ ಹೊರಗೆ ಬಂದ. ತೊಟ್ಟಿಲಿನ ಅಂಚು ಹಿಡಿದು ಇಣುಕಿದ. ದುಂಡಗೆ, ಗಟ್ಟಿಯಾಗಿ, ಕುಲಾವಿ ತೊಟ್ಟು, ಅಳದೆ ಮಲಗಿದ್ದ ಒಬ್ಬನನ್ನು ಕಂಡ.

“ಪಿಜ್ಜೀ, ಇದು ಯಾರು?”

ಅಜ್ಜಿ ತೂಗುವ ಭರದಲ್ಲಿದ್ದರು. “ಯಾರು ಅಂದ್ರೆ? ನಿನ್ನ ತಮ್ಮ!” ಎಂದುಬಿಟ್ಟರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ನಗಲಿಲ್ಲ. ಅವನ ಮುಖ ನಿಧಾನವಾಗಿ ಅರಳಿದ್ದನ್ನು ಆಗ ಯಾರೂ ಸರಿಯಾಗಿ ಗಮನಿಸಲಿಲ್ಲ. ಅಮ್ಮ ಮಗಳನ್ನು ಮಲಗಿಸಲೆಂದು ಕಲ್ಲನ್ನು ತೊಟ್ಟಿಲಿನಿಂದ ಎತ್ತಿದ್ದೇ ತಡ, “ನನ್ನ ತಮ್ಮನನ್ನು ತೆಗಿಬೇಡಿ!” ಎಂದು ಚೀರಿ ಅಮ್ಮನ ಸೆರಗಿಗೆ ಜೋತುಬಿದ್ದ. ಕಲ್ಲು ಅವನ ಮಡಿಲಿಗೆ ಬರುವವರೆಗೆ ಶಾಸ್ತ್ರ ಮುಂದೆ ಹೋಗಲಿಲ್ಲ. ಮೇಲೆ ತೊಟ್ಟಿಲಲ್ಲಿ ಮಗಳ ಕಿವಿಯಲ್ಲಿ ಹೆಸರು ಹೇಳುತ್ತಿದ್ದರೆ, ಕೆಳಗೆ ಅವನು ಕಾಲು ಚಾಚಿ ಕೂತು, ಕಲ್ಲಿಗೆ ಕಿವಿ ಎಲ್ಲಿರಬಹುದೆಂದು ಹುಡುಕಿ, “ಗುಂಡ, ಗುಂಡ” ಎಂದು ಪಿಸುಗುಡುತ್ತಿದ್ದ.

ತನಗೆ ಹೇಳಿದ್ದ ತಮ್ಮ ಕೊನೆಗೂ ಬಂದ ಎಂದೇ ಅವನು ತಿಳಿದಿದ್ದ. ತಪ್ಪು ಯಾರದು ಹೇಳಿ?

ಮರುದಿನ ಬೆಳಿಗ್ಗೆಯೇ ಮೊದಲ ಜಗಳ. ಅಮ್ಮನಿಗೆ ನನ್ನ ಮದ್ದಿಗೆ ಓಮ, ಕಾಳುಮೆಣಸು ಅರೆಯಬೇಕು, ಗುಂಡು ಮೊಮ್ಮಗನ ಹಾಸಿಗೆಯಲ್ಲಿ ಹೊದ್ದು ಮಲಗಿದೆ.

“ಕೊಡು ಮಗಾ, ಈಗ ಅರೆದು ಕೊಡ್ತೇನೆ.”

“ತಮ್ಮನಿಗೆ ಖಾರ ಆಗ್ತದೆ.”

“ಅದು ಕಲ್ಲು ಮಾರಾಯ, ಅದಕ್ಕೆ ಎಂತ ಖಾರ?”

“ನೀನೇ ಕಲ್ಲು!”

ಒಳಗಿನಿಂದ ಅಜ್ಜಿ, “ಅವನು ಹೇಳುದು ಸರಿ. ಸಣ್ಣ ಮಗುವಿಗೆ ಯಾರಾದ್ರೂ ಕಾಳುಮೆಣಸು ಉಜ್ಜುತ್ತಾರಾ? ನೀನು ಮಿಕ್ಸಿಗೆ ಹಾಕು” ಎಂದು ತೀರ್ಪು ಕೊಟ್ಟರು. ಜನ್ಮದಲ್ಲಿ ಮಿಕ್ಸಿಯ ಪರವಾಗಿ ಒಂದು ಮಾತು ಆಡದ ಅಜ್ಜಿ ಅಂದು ಆಡಿದರು. ಅಮ್ಮ ಮಿಕ್ಸಿಯ ಜಾರು ಹುಡುಕಲು ಹೋದರು.

ಸ್ನಾನವೂ ಹಾಗೆಯೇ. ಅಮ್ಮ ಕಾಲು ನೀಡಿ ಕೂತು, ಮಗಳನ್ನು ಮೊಣಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ನೀರು ಹೊಯ್ದು ಮುಗಿಸಿದ ಮೇಲೆ ಅದೇ ಕಾಲಿನ ಮೇಲೆ ಗುಂಡ ಬರುತ್ತಿದ್ದ. ಅವನಿಗೂ ಎಣ್ಣೆ, ಅವನಿಗೂ ಹಂಡೆಯ ಬಿಸಿನೀರು. ಸ್ಟೂಲಿನ ಮೇಲೆ ಕೂತ ಅಜ್ಜಿಯ ಉಸ್ತುವಾರಿ ಬೇರೆ. “ತಲೆ ಸರಿಯಾಗಿ ತಿಕ್ಕು. ತಲೆ ದುಂಡಗೆ ಬಂದದ್ದು ಈ ಮನೆಯಲ್ಲಿ ಇವನೊಬ್ಬನದ್ದೇ.” ದಿನಾ ಎಣ್ಣೆ ಕುಡಿದು ಗುಂಡ ಕನ್ನಡಿಯ ಹಾಗೆ ಹೊಳೆಯತೊಡಗಿದ. ನೋಡಲು ಬಂದವರು ಮಗುವನ್ನು ನೋಡಿ “ಸ್ವಲ್ಪ ಸೋತಿದೆ ಅಲ್ವಾ?” ಎನ್ನುತ್ತಿದ್ದರು. ಗುಂಡನನ್ನು ಯಾರೂ ಹಾಗೆ ಅನ್ನಲಿಲ್ಲ.

ನಗು ಬರುತ್ತಿತ್ತು ನಿಜ. ಆದರೆ ನಗು ಮುಗಿದ ಮೇಲೆ ನೋಡಿದರೆ ಮನೆಯಲ್ಲಿ ಪಾಲು ಆಗಿತ್ತು. ಒಂದು ಸಂಜೆ ಮಗನನ್ನು ಹತ್ತಿರ ಕೂರಿಸಿಕೊಂಡು, “ತಂಗಿಯ ಕೈ ಒಮ್ಮೆ ಹಿಡಿದು ನೋಡು, ಎಷ್ಟು ಮೆತ್ತಗೆ ಉಂಟು” ಎಂದೆ. ಅವನು ಬಹಳ ಸಮಾಧಾನದಿಂದ, ದೊಡ್ಡವರು ಆಸ್ತಿ ವಿಷಯ ಮಾತಾಡುವ ದನಿಯಲ್ಲಿ ಹೇಳಿದ: “ಅದು ನಿನಗೆ. ಇವನು ನನಗೆ.” ಹೇಳಿ ಗುಂಡನನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಆಚೆ ಹೋದ.

ಇವರಿಗೆ ಫೋನು ಮಾಡಿ ಹೇಳಿದರೆ, “ಬಿಡು ಮಾರಾಯ್ತಿ, ನಾಲ್ಕು ದಿನ ಹೋದ್ರೆ ಎಲ್ಲ ಸರಿ ಆಗ್ತದೆ” ಎಂದರು.

“ನಿಮಗೆ ಮೂರು ಜನ ಅಣ್ಣತಮ್ಮಂದಿರು ಇದ್ದಾರೆ. ಹಾಗೆ ಹೇಳ್ಲಿಕ್ಕೆ ಆಗ್ತದೆ” ಎಂದೆ. ಇವರು, “ಅವರಲ್ಲಿ ಒಬ್ಬನ ಬದಲಿಗೆ ನನಗೂ ಕಲ್ಲು ಸಿಕ್ಕಿದ್ರೆ ಒಳ್ಳೇದಿತ್ತು” ಎಂದರು.

ಬಾಣಂತನ ಮುಗಿಸಿ ಅಲೆವೂರಿಗೆ ಹೊರಟಾಗ ಕಾರಿನ ಹಿಂದಿನ ಸೀಟಿನಲ್ಲಿ ನಾವು ನಾಲ್ವರು: ನಾನು, ನನ್ನ ಮಡಿಲಲ್ಲಿ ಮಗಳು, ಪಕ್ಕದಲ್ಲಿ ಮಗ, ಅವನ ಮಡಿಲಲ್ಲಿ ಟವೆಲು ಸುತ್ತಿದ ಗುಂಡ. ಅಮ್ಮ ಒಂದು ಕಣ್ಣಿನಲ್ಲಿ ನಮ್ಮನ್ನು ಬೀಳ್ಕೊಟ್ಟು ಇನ್ನೊಂದು ಕಣ್ಣಿನಲ್ಲಿ ಗುಂಡನ್ನು ನೋಡುತ್ತಿದ್ದರು. ಹಿರಿಯಡ್ಕದ ಬಳಿ ಒಂದು ಹೋಟೆಲಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದೆವು. ಟೇಬಲ್ ಒರೆಸಲು ಬಂದ ಸಪ್ಲಾಯರ್ ಬಾಗಲಕೋಟೆಯ ಕಡೆಯವರು, ನಡುವಯಸ್ಸಿನವರು. ನನ್ನ ಕೈಯಲ್ಲೊಂದು ಗಂಟು, ಮಗನ ಕೈಯಲ್ಲೊಂದು ಗಂಟು ನೋಡಿ ಅವರ ಮುಖ ಅರಳಿತು.

“ಏನ್ರೀ ಅಕ್ಕಾರ, ಅವಳಿ ಜವಳಿ ಏನ್ರೀ?”

ನಾನು ಉತ್ತರ ಹುಡುಕುವಷ್ಟರಲ್ಲಿ ಮಗ ಟವೆಲು ಸರಿಸಿ ತೋರಿಸಿದ. ಅವರು ಬಗ್ಗಿ ನೋಡಿ ಹಿಂದಕ್ಕೆ ಸರಿದರು.

“ಯಪ್ಪಾ! ಗುಂಡಕಲ್ಲ ಐತಲ್ರೀ ಇದು!”

“ಕಲ್ಲಲ್ಲ. ತಮ್ಮ” ಎಂದ ಮಗ.

“ಹೌದ್ ಹೌದ. ತಪ್ಪಾತು. ನಮ್ ಕಡೆನೂ ತೊಟ್ಟಲದಾಗ ಮೊದ್ಲ ಇವನ್ನೇ ಮಲಗಸ್ತಾರ್ರೀ. ಆದ್ರ ಯಾರೂ ಹೋಟೆಲಿಗೆ ಕರ್ಕೊಂಡ ಬರೂದಿಲ್ಲ ನೋಡ್ರಿ.” ನಗುತ್ತಲೇ ಗಂಭೀರವಾಗಿ ಕೇಳಿದರು: “ಏನ್ ತಿಂತಾನ ನಿಮ್ಮ ತಮ್ಮ?”

“ಬನ್ಸ್.”

ಬನ್ಸ್ ಎರಡು ಪ್ಲೇಟ್ ಬಂತು. ಎರಡನ್ನೂ ತಿಂದವನು ಅಣ್ಣನೇ. ತಂಗಿಗೆ ಎಂತ ಬೇಕು ಎಂದು ಅವನು ಕೇಳಲಿಲ್ಲ. ಅವಳಿಗೆ ಹಲ್ಲಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೂ ಕೇಳಬಹುದಿತ್ತು ಅನಿಸಿತು. ಬಾಣಂತಿಯ ಮನಸ್ಸು, ಏನೇನೋ ಅನಿಸುತ್ತದೆ.

ಅಲೆವೂರಿಗೆ ಬಂದ ಮೇಲೆ ಗುಂಡನ ದಿನಚರಿ ಇನ್ನೂ ಬಿರುಸಾಯಿತು. ಅಪ್ಪ ಲ್ಯಾಪ್‌ಟಾಪ್ ಎದುರು ಕೂತರೆ ಗುಂಡನೂ ಅಲ್ಲೇ ಕೂರಬೇಕು. ಮಗಳನ್ನು ಒಂದು ಗಳಿಗೆ ನೋಡಿಕೋ ಎಂದರೆ ಮಗನಿಂದ ಉತ್ತರ ಸಿದ್ಧ: “ಆಗುದಿಲ್ಲ. ತಮ್ಮನಿಗೆ ಮೀಟಿಂಗ್ ಉಂಟು.” ನನ್ನ ರಜೆ ಕರಗುತ್ತ ಬರುತ್ತಿತ್ತು. ನಾನು ಶಾಲೆಗೆ ಹೋದ ಮೇಲೆ ಎರಡೂ ಮಕ್ಕಳನ್ನು ನೋಡಿಕೊಳ್ಳಲು ಅತ್ತೆ ಬರುವುದೆಂದು ಮಾತಾಗಿತ್ತು. ಒಂದೇ ಕೋಣೆಯಲ್ಲಿ ಒಂದು ಮಗು ಚಾವಣಿ ನೋಡುತ್ತ, ಇನ್ನೊಂದು ಮಗು ಕಲ್ಲಿನ ಜೊತೆ ಗೋಡೆಯ ಕಡೆ ತಿರುಗಿ ಕೂತಿರುವ ಚಿತ್ರ ನನ್ನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಅತ್ತೆ ನೇರ ಸ್ವಭಾವದವರು. ಬಂದ ದಿನವೇ, “ನಿನ್ನ ಅಜ್ಜಿ ಮಾಡಿದ ಕಿತಾಪತಿ ಇದು. ಆ ಕಲ್ಲು ಕಣ್ಣಿಗೆ ಕಾಣದಿದ್ರೆ ತಂಗಿ ಕಣ್ಣಿಗೆ ಕಾಣ್ತಾಳೆ” ಎಂದು ಮಗ ಮಲಗಿದ್ದಾಗ ಗುಂಡನನ್ನು ಅಕ್ಕಿ ಡಬ್ಬದ ಒಳಗೆ ಹುಗಿದಿಟ್ಟರು. ನಾನು ತಡೆಯಲಿಲ್ಲ. ನನಗೂ ಅದೇ ಬೇಕಿತ್ತು.

ಎದ್ದವನು ಹುಡುಕಿದ. ಮಂಚದ ಅಡಿ, ಬಟ್ಟೆಯ ರಾಶಿ, ಫ್ರಿಜ್ಜಿನ ಒಳಗೆ. ಅತ್ತು ಕರೆದು ಮಾಡುತ್ತಾನೆಂದು ನಾವು ಸಿದ್ಧರಾಗಿದ್ದೆವು. ಅವನು ಅಳಲೇ ಇಲ್ಲ. ಗೇಟಿನ ಬಳಿ ಹೋಗಿ ಸರಳು ಹಿಡಿದು ರಸ್ತೆ ನೋಡುತ್ತ ಕೂತ. ಕರೆದರೆ ಬರಲಿಲ್ಲ. ಓಡುವುದೊಂದೇ ಗೊತ್ತಿದ್ದವನು ಕೂತದ್ದನ್ನು ನೋಡಿ ಪಕ್ಕದ ಮನೆಯವರು “ಜ್ವರವಾ?” ಎಂದು ಕೇಳಿದರು. ಮಧ್ಯಾಹ್ನದ ಅನ್ನಕ್ಕೆ ಅತ್ತೆ ಅಕ್ಕಿ ತೆಗೆಯಲು ಹೋದವರು ಹೊರಗೆ ಬರುವಾಗ ಕೈಯಲ್ಲಿ ಗುಂಡ ಇದ್ದ.

“ಎಂತ ಮಾರಾಯ ನಿನ್ನ ತಮ್ಮ, ಅಕ್ಕಿ ಡಬ್ಬದಲ್ಲಿ ಮಲಗಿದ್ದಾನೆ!” ಎಂದರು. ಅತ್ತೆಯ ಬಾಯಿ ಮಾತ್ರ ಜೋರು.

ಮಗ ಎದ್ದು ಬಂದು ಕಲ್ಲಿನ ಮೇಲಿದ್ದ ಅಕ್ಕಿ ಹುಡಿಯನ್ನು ಒರೆಸಿದ. ಆಮೇಲೆ ಗುಂಡನಿಗೆ ಬೆರಳು ಅಲ್ಲಾಡಿಸಿ ಬೈದ: “ಹೇಳದೆ ಹೋಗುದಾ? ಅಮ್ಮನಿಗೆ ಹೆದರಿಕೆ ಆಗುದಿಲ್ವಾ?” ಅದು ನನ್ನದೇ ಬೈಗುಳ, ನನ್ನದೇ ದನಿ. ಅಡುಗೆಮನೆಗೆ ಹೋಗಿ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇನ್ನು ಅದನ್ನು ಮುಟ್ಟುವುದು ಬೇಡ ಎಂದು ಮಾತಿಲ್ಲದೆಯೇ ನಿಶ್ಚಯವಾಯಿತು.

ನನ್ನ ರಜೆ ಮುಗಿಯುವ ಮೊದಲಿನ ಒಂದು ಭಾನುವಾರ ಎಲ್ಲರೂ ಕಾಪುವಿಗೆ ಹೋಗಿದ್ದೆವು. ಕಡಲ ಗಾಳಿ ಮನೆಯ ಒಳಗೇ ಬರುವ ಜಾಗ ಅದು. ಅತ್ತೆ ಜಗಲಿಯಲ್ಲಿ ಚಾಪೆ ಹಾಸಿ ಮಗಳನ್ನು ಮಲಗಿಸಿದ್ದರು. ಅವಳು ಆಗಷ್ಟೇ ಕತ್ತು ತಿರುಗಿಸಿ ಜನರನ್ನು ನೋಡಲು ಕಲಿತಿದ್ದಳು. ನಾನು ಪಕ್ಕದಲ್ಲಿ ಕೂತು ಬಸಳೆ ಬಿಡಿಸುತ್ತಿದ್ದೆ. ಜಗಲಿಯ ಕೆಳಗೆ ನಲ್ಲಿಯ ಬಳಿ ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಮಗ ಗುಂಡನಿಗೆ ಸ್ನಾನ ಮಾಡಿಸುತ್ತಿದ್ದ. ಅತ್ತೆಯ ಬಟ್ಟೆಯ ಸಾಬೂನು ಅರ್ಧ ಕರಗಿತ್ತು. ನೊರೆಯ ನಡುವೆ ತಮ್ಮನ ಬೋಳುತಲೆ ಮಾತ್ರ ಕಾಣುತ್ತಿತ್ತು.

ಸಾಬೂನು ಹಚ್ಚಿದ ಕಲ್ಲು ಎಷ್ಟು ಹೊತ್ತು ಕೈಯಲ್ಲಿ ನಿಂತೀತು? ಜಾರಿತು. ಅವನ ಎಡಗಾಲಿನ ಹೆಬ್ಬೆರಳಿನ ಮೇಲೆಯೇ ಬಿತ್ತು.

ಕಾಪುವಿನ ದೀಪಸ್ತಂಭದವರೆಗೂ ಕೇಳಿಸಿರಬೇಕು ಆ ಕೂಗು. ನಾನು ಬಸಳೆ ಚೆಲ್ಲಿ ಓಡಿ ಅವನನ್ನು ಎತ್ತಿ ಜಗಲಿಗೆ ತಂದೆ. ಅತ್ತೆ ಐಸ್ ತರಲು ಒಳಗೆ ಓಡಿದರು. ಉಗುರಿನ ಬುಡ ನೀಲಿಯಾಗಿತ್ತು. ಮೂಳೆಗೆ ಏನೂ ಆಗಿಲ್ಲ ಎಂಬುದು ಬೆರಳು ಮಡಚಿ ನೋಡಿದಾಗಲೇ ತಿಳಿಯಿತು. ಅವನು ಬಾಯಿ ಅಗಲಿಸಿ, ಉಸಿರು ಹಿಡಿದು, ಮತ್ತೆ ಬಿಟ್ಟು ಅಳುತ್ತಿದ್ದ.

ಚಾಪೆಯ ಮೇಲಿದ್ದವಳು ಕತ್ತು ತಿರುಗಿಸಿ ಅವನನ್ನೇ ನೋಡಿದಳು. ಕೆಳತುಟಿ ಮುಂದೆ ಬಂತು. ಗಲ್ಲ ನಡುಗಿತು. ಒಮ್ಮೆಲೇ ಅವಳೂ ಶುರು ಮಾಡಿದಳು. ಅದು ಹಸಿವಿನ ಅಳು ಅಲ್ಲ, ನನಗೆ ಗೊತ್ತಲ್ಲ. ಅಂಥ ಅಳುವನ್ನು ನಾನು ಅವಳಿಂದ ಅದುವರೆಗೆ ಕೇಳಿರಲಿಲ್ಲ.

ಮಗ ನಡುವೆಯೇ ನಿಲ್ಲಿಸಿದ. ಕಣ್ಣೀರು, ಮೂಗಿನ ನೀರು ಎಲ್ಲ ಹಾಗೆಯೇ ಇತ್ತು.

“ಪಾಪು ಎಂತಕ್ಕೆ ಅಳುದು?”

ಐಸ್ ಸುತ್ತಿದ ಬಟ್ಟೆ ಹಿಡಿದು ಬಂದ ಅತ್ತೆ ಹೇಳಿದರು: “ನಿನ್ನ ಕಾಲಿಗೆ ಬಿತ್ತಲ್ಲ, ಅದಕ್ಕೆ.”

“ಅದರ ಕಾಲಿಗೆ ಬೀಳ್ಲಿಲ್ಲ.”

“ಬೀಳ್ಲಿಲ್ಲ. ನಿನ್ನ ಕಾಲಿಗೆ ಬಿದ್ದದ್ದು. ಆದ್ರೂ ಅಳ್ತಾ ಉಂಟು.”

ಅವನು ಯೋಚಿಸಿದ. ಅವನು ಸುಮ್ಮನಾದದ್ದರಿಂದ ಅವಳೂ ಸುಮ್ಮನಾಗಿ ಬಿಕ್ಕುತ್ತ ಅವನ ಮುಖ ನೋಡುತ್ತಿದ್ದಳು. ಅವನಿಗೆ ಸಂಶಯ. ಪರೀಕ್ಷೆಗೆಂದು “ಆಂ...” ಎಂದು ಸುಳ್ಳು ಅಳು ತೆಗೆದ. ತುಟಿ ಮುಂದೆ ಬಂತು. ನಿಲ್ಲಿಸಿದ, ತುಟಿ ಒಳಗೆ ಹೋಯಿತು. ಮತ್ತೆ “ಆಂ...” ಮತ್ತೆ ತುಟಿ. ಅವನು ಇಳಿದು ಕುಂಟುತ್ತ ಚಾಪೆಯ ಹತ್ತಿರ ಹೋದ. ಈ ಸಲ ಗೋಡೆ ಹಿಡಿದು ಬದಿಯಿಂದ ಹೋಗಲಿಲ್ಲ. ಅವಳ ಮುಖದ ಮೇಲೆ ತನ್ನ ಮುಖ ತಂದು ಇನ್ನೊಮ್ಮೆ ಅಳುವ ನಾಟಕ ಮಾಡಲು ಬಾಯಿ ತೆರೆದವನಿಗೆ ನಗು ತಡೆಯಲಾಗಲಿಲ್ಲ, ಖೊಕ್ ಎಂದು ನಕ್ಕುಬಿಟ್ಟ.

ಅವಳೂ ನಕ್ಕಳು. ಬೊಚ್ಚು ಬಾಯಿಯ ಮುಗುಳ್ನಗೆ ಅಲ್ಲ, ದನಿ ತೆಗೆದು, ಹೊಟ್ಟೆ ಕುಣಿಸಿ. ಮನೆಯಲ್ಲಿ ಅದುವರೆಗೆ ಯಾರೂ ಕೇಳದ ಸದ್ದು. ಅದಕ್ಕಾಗಿ ನಾನು, ಇವರು, ಇಬ್ಬರು ಅಜ್ಜಿಯಂದಿರು, ಒಬ್ಬ ಪಿಜ್ಜಿ ಎಷ್ಟು ದಿನ ಕುಣಿದಿದ್ದೆವು, ಎಷ್ಟು ಗಿಲಕಿ ಅಲ್ಲಾಡಿಸಿದ್ದೆವು!

ಮಗ ತಿರುಗಿ ನಮ್ಮನ್ನು ನೋಡಿದ. ನಲ್ಲಿಯ ಕೆಳಗೆ ನೊರೆಯಲ್ಲಿ ಬಿದ್ದಿದ್ದ ಗುಂಡನನ್ನೂ ಒಮ್ಮೆ ನೋಡಿದ.

“ಗುಂಡ ಅಳ್ಲಿಲ್ಲ” ಎಂದ. ದೂರಿನ ದನಿಯಲ್ಲಿ ಅಲ್ಲ, ಸುಮ್ಮನೆ, ಕಂಡದ್ದನ್ನು ಹೇಳಿದ ಹಾಗೆ. ಆಮೇಲೆ ಚಾಪೆಯ ಮೇಲೆ ಕೂತು ನೀಲಿಗಟ್ಟಿದ ಹೆಬ್ಬೆರಳನ್ನು ಎತ್ತಿ ಅವಳ ಕಣ್ಣ ಮುಂದೆ ಹಿಡಿದ. “ತಂಗೀ, ನೋಡು. ಗಾಯ.” ಅವಳು ಆ ಬೆರಳನ್ನು ಹಿಡಿದು ಬಾಯಿಗೆ ಹಾಕಲು ನೋಡಿದಳು. ಅವನು ಕಾಲು ಕೊಟ್ಟೇಬಿಟ್ಟ.

ನಾನು ಚೆಲ್ಲಿದ ಬಸಳೆ ಹೆಕ್ಕಲು ಜಗಲಿಯಿಂದ ಇಳಿದೆ. ಅತ್ತೆ ಮೇಲಿನಿಂದ ನನ್ನನ್ನು ನೋಡಿ, “ಅಳುದು ಎಂತಕ್ಕೆ ಈಗ? ಬಸಳೆಗೆ ಉಪ್ಪು ನಾನು ಹಾಕ್ತೇನೆ” ಎಂದರು.

ಗುಂಡ ಈಗ ಕಾಪುವಿನಲ್ಲೇ ಇದ್ದಾನೆ. ಯಾರೂ ಅಡಗಿಸಿಡಲಿಲ್ಲ, ಬರುವಾಗ ಮಗ ಅವನನ್ನು ಕರೆಯಲು ಮರೆತ, ಅಷ್ಟೇ. ಅತ್ತೆ ಅವನಿಂದಲೇ ಶುಂಠಿ ಜಜ್ಜುತ್ತಾರೆ. ಇಷ್ಟು ಒಳ್ಳೆಯ ಕಲ್ಲು ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಹೊಗಳುತ್ತಾರೆ. ನನ್ನ ಅಮ್ಮ ಫೋನಿನಲ್ಲಿ ಗುಂಡನ್ನು ವಾಪಸು ಕೇಳಿದಾಗಲೆಲ್ಲ ಅತ್ತೆ ಕೇಳಿಸಲಿಲ್ಲ ಎನ್ನುತ್ತಾರೆ.

ನನ್ನ ಕಷ್ಟ ಈಗ ಬೇರೆ. ಮಗಳನ್ನು ಹರಸಾಹಸ ಮಾಡಿ ಮಲಗಿಸಿ ಬಂದರೆ ಕೋಣೆಯಿಂದ ಪಿಸುಮಾತು ಕೇಳುತ್ತದೆ. ಮೊನ್ನೆ ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಓಡಿ ಹೋಗಿ ನೋಡಿದರೆ ಅವನು ತೊಟ್ಟ ಚಪ್ಪಲಿಯಲ್ಲೇ ಮಂಚದ ಮೇಲೆ.

“ತಂಗೀ... ಏಯ್ ತಂಗೀ... ಕಸದ ಗಾಡಿ ಬಂತು.”

“ಎಬ್ಬಿಸಬೇಡ ಅಂತ ಎಷ್ಟು ಸಲ ಹೇಳುದು ನಿನಗೆ?”

“ನಾನು ಎಬ್ಬಿಸ್ಲಿಲ್ಲ ಅಮ್ಮ. ಎದ್ದಿದ್ದಾಳಾ ಅಂತ ಕೇಳಿದ್ದು ಮಾತ್ರ.”

ಕೇಳಿಸಿಕೊಂಡವಳು ಎರಡೂ ಕಣ್ಣು ತೆರೆದು, ಕೈಕಾಲು ಬಡಿಯುತ್ತ, ಅವನು ಯಾವ ಕಡೆ ಇದ್ದಾನೆಂದು ಹುಡುಕುತ್ತಿದ್ದಳು. ಇನ್ನು ಮಲಗಿಸುವ ಮಾತೇ ಇಲ್ಲ. ಅವಳನ್ನು ಸೊಂಟದಲ್ಲಿ ಎತ್ತಿಕೊಂಡೆ. ಅವನು ಕಸದ ಬಕೆಟ್ ಎಳೆದುಕೊಂಡು ಮುಂದೆ ಓಡಿದ. ಗೇಟಿನ ಹೊರಗೆ ಗಾಡಿಯ ಬಳಿ ನಿಂತಿದ್ದ ಅಕ್ಕ, “ಇವತ್ತು ಇಬ್ಬರು ಬಂದ್ರಾ? ಇದು ಯಾರು ಮಾರಾಯ, ಹೊಸಬರು?” ಎಂದು ಕೇಳಿದರು.

“ನನ್ನ ತಂಗಿ. ನನ್ನ ಕಾಲಿಗೆ ಬಿದ್ರೆ ಇವಳು ಅಳ್ತಾಳೆ.”

“ಅಯ್ಯೋ ದೇವರೇ! ಮತ್ತೆ ಅವಳ ಕಾಲಿಗೆ ಬಿದ್ರೆ?”

“ಅವಳ ಕಾಲಿಗೆ ಬೀಳುದಿಲ್ಲ. ನಾನಿದ್ದೇನಲ್ಲ” ಎಂದ ಅವನು, ಬಕೆಟಿನಲ್ಲಿದ್ದ ಅರ್ಧ ಕಸವನ್ನು ರಸ್ತೆಗೆ ಚೆಲ್ಲುತ್ತ.